ಉಳ್ಳಾಗಡ್ಡಿ ರಸದ ಬಟ್ಟಲು

ಸಂಶಯ ಎನ್ನುವುದು ನನಗೆ ಹುಟ್ಟಿನಿಂದ ಬಂದದ್ದು. ಕೆಲವರಿಗೆ ಹಿರಿಯರಿಂದ ಹೊಲ ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ಅವ್ವನಿಂದ ಸಂಶಯ ಬಂತು. ಹಾಲಿನವನು ಹಾಲು ಹಾಕಿ ಹೋದ ಮೇಲೆ ಅವ್ವ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು, ಅದು ನಿಲ್ಲುತ್ತದೆಯೋ ಹರಿಯುತ್ತದೆಯೋ ಎಂದು ನೋಡಿಯೇ ಒಲೆಗೆ ಇಡುತ್ತಿದ್ದಳು. ದೇವರ ಮುಂದೆ ಹಚ್ಚುವ ಊದಿನಕಡ್ಡಿಯನ್ನೂ ಮೊದಲು ತಾನು ಮೂಸಿ ನೋಡುತ್ತಿದ್ದಳು. ನನಗೆ ಕನ್ಯೆ ನೋಡಲು ಬಾದಾಮಿ ಕಡೆಯ ಹಳ್ಳಿಗೆ ಹೋದಾಗ ಅವಳು ಮಾಡಿದ್ದನ್ನು ಹೇಳಿದರೆ ನಿಮಗೆ ಪೂರ್ತಿ ಅರ್ಥವಾಗುತ್ತದೆ. ಹುಡುಗಿ ಚಹಾ ತಂದಿಟ್ಟು ತಲೆ ತಗ್ಗಿಸಿ ಕೂತಿದ್ದಳು. ಅವಳ ಜಡೆ ಸೊಂಟ ದಾಟಿ ಚಾಪೆಯ ಮೇಲೆ ಬಿದ್ದಿತ್ತು. ಅವ್ವ "ಬಾರವಾ, ನನ್ನ ಮಗ್ಗಲಕ ಕುಂದ್ರು" ಎಂದು ಬಹಳ ಪ್ರೀತಿಯಿಂದ ಕರೆದು, ಬೆನ್ನು ಸವರುವ ನೆಪದಲ್ಲಿ ಆ ಜಡೆಯನ್ನು ಹಿಡಿದು ಒಮ್ಮೆ ಜಗ್ಗಿದಳು. ಚೌರಿ ಸೇರಿಸಿ ಉದ್ದ ಮಾಡಿದ್ದಾರೋ ಏನೋ ಎಂದು ಅವಳ ಸಂಶಯ. ಹುಡುಗಿ "ಸ್" ಎಂದಳು. ಅವ್ವ ನನ್ನ ಕಡೆ ತಿರುಗಿ ಮೆಲ್ಲಗೆ "ಖರೇವ ಅದಾವ" ಎಂದಳು. ಮದುವೆ ಗಟ್ಟಿಯಾಯಿತು. ಆ ಹುಡುಗಿಯೇ ಮಹಾದೇವಿ, ನನ್ನ ಹೆಂಡತಿ.

ಇಂಥ ಅವ್ವನ ಮಗ ಹಿಡಿದ ಉದ್ಯೋಗವೂ ಸಂಶಯದ್ದೇ. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಇಳಕಲ್ ಸೀರೆಯ ಅಂಗಡಿ ಇದೆ. ವಾರಕ್ಕೊಮ್ಮೆ ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೆ ಹೋಗಿ ನೇಕಾರರ ಮನೆಯಿಂದ ಮಾಲು ತರುತ್ತೇನೆ. ನಿಮಗೆ ಗೊತ್ತಿರಬಹುದು, ಇಳಕಲ್ ಸೀರೆಯ ಒಡಲೇ ಬೇರೆ, ಸೆರಗೇ ಬೇರೆ. ಎರಡೂ ಕೂಡುವಲ್ಲಿ ಎಳೆಗೆ ಎಳೆ ಕೊಂಡಿ ಹಾಕಿ ನೇಯುತ್ತಾರೆ. ಆ ಕೊಂಡಿ ಕೈಯಿಂದ ಹಾಕಿದ್ದೋ ಅಲ್ಲವೋ ಎಂದು ಸೀರೆ ತಿರುವಿ ಹಿಂಬದಿ ನೋಡಿದರೆ ಗೊತ್ತಾಗುತ್ತದೆ. ಎಳೆಯ ಮೇಲೆ ಸಂಶಯ ಬಂದರೆ ಒಂದು ತುದಿ ಸುಟ್ಟು ಮೂಸುತ್ತೇನೆ. ಖರೆ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಖೊಟ್ಟಿ ಮಾಲು ಸುಟ್ಟರೆ ಪ್ಲಾಸ್ಟಿಕ್ಕಿನ ವಾಸನೆ. ಇಪ್ಪತ್ತೈದು ವರ್ಷದಲ್ಲಿ ಕಲಬೆರಕೆ ಮಾಲು ನನ್ನ ಕಣ್ಣು ತಪ್ಪಿಸಿ ಅಂಗಡಿಯ ಒಳಗೆ ಬಂದದ್ದಿಲ್ಲ. ಇದನ್ನು ನಾನು ಗಿರಾಕಿಗಳ ಮುಂದೆ ಎಷ್ಟು ಸಲ ಹೇಳುತ್ತೇನೆಂದರೆ, ಎದುರಿನ ಅಂಗಡಿಯ ದರ್ಜಿ ಮೌಲಾಸಾಬ ಅಲ್ಲಿಂದಲೇ ನನ್ನ ಜೊತೆ ತುಟಿ ಆಡಿಸುತ್ತಾನೆ.

ಹೋದ ವರ್ಷ ಇದೇ ಸಂಶಯದ ಮೇಲೆ ಅಂಗಡಿಯಲ್ಲಿ ಕ್ಯಾಮೆರಾ ಹಾಕಿಸಿದೆ. ಹಾಕಿದವನು ಗಲ್ಲೆಯ ಪಕ್ಕದಲ್ಲಿ ಒಂದು ಸಣ್ಣ ಟಿವಿ ಇಟ್ಟು, "ಎಲ್ಲಾ ಕಡೆ ಕಾಣ್ತೈತ್ರಿ, ನೋಡ್ಕೋತ ಕುಂದರ್ರಿ" ಎಂದು ಹೇಳಿ ಹೋದ. ನಾನು ನೋಡುತ್ತ ಕೂತೆ. ಒಂದು ಚೌಕದಲ್ಲಿ ಬಾಗಿಲು, ಒಂದರಲ್ಲಿ ಸೀರೆಯ ಕಪಾಟು, ಇನ್ನೊಂದರಲ್ಲಿ ನನ್ನ ಗಲ್ಲೆ. ಗಲ್ಲೆಯ ಮೇಲೆ ಯಾವನೋ ನಡುನೆತ್ತಿ ಬೋಳಾದವನು ಬೆನ್ನು ಬಾಗಿಸಿ ಕೂತಿದ್ದ. ಕ್ಯಾಮೆರಾ ಹಾಕಿಸಿದ ದಿನವೇ ಕಳ್ಳ ಸಿಕ್ಕನಲ್ಲ ಎಂದು ಥಟ್ಟನೆ ತಿರುಗಿ ನೋಡಿದೆ. ಅವನೂ ಥಟ್ಟನೆ ತಿರುಗಿದ. ಕೈ ಎತ್ತಿದೆ, ಅವನೂ ಎತ್ತಿದ. ಆ ಕೈಯನ್ನು ಮೆಲ್ಲಗೆ ನೆತ್ತಿಯ ಮೇಲೆ ಇಟ್ಟುಕೊಂಡಾಗ ವಿಷಯ ತಿಳಿಯಿತು. ಕನ್ನಡಿಯಲ್ಲಿ ನಾವು ನೋಡಿಕೊಳ್ಳುವುದು ಮುಂದಿನ ಕೂದಲನ್ನು ಮಾತ್ರ. ಗಿರಾಕಿಗಳೂ ಎದುರಿಗೇ ನಿಂತಿರುತ್ತಾರೆ. ಎಲ್ಲರ ಸೀರೆಯ ಹಿಂಬದಿ ನೋಡಿದ ನಾನು ನನ್ನ ಹಿಂಬದಿಯನ್ನು ನೋಡಿಕೊಂಡಿರಲಿಲ್ಲ.

ಕೂದಲು ಹೋದರೆ ಹೋಗಲಿ ಎಂದು ಬಿಡಬಹುದಾಗಿತ್ತು. ಆದರೆ ನಮ್ಮ ಮದುವೆಗೆ ಅದೇ ವರ್ಷ ಇಪ್ಪತ್ತೈದು ತುಂಬುವುದಿತ್ತು. ಹಳೆಯ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಗೆ ಹೋದಾಗ ನಾವು ನವನಗರಕ್ಕೆ ಸಾಮಾನು ಸಾಗಿಸಿದೆವಲ್ಲ, ಆಗ ಮದುವೆಯ ಫೋಟೋಗಳಿದ್ದ ಟ್ರಂಕು ಮಳೆಯಲ್ಲಿ ನೆನೆದು, ತೆಗೆದು ನೋಡಿದರೆ ಎಲ್ಲ ಫೋಟೋಗಳೂ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ಹೀಗಾಗಿ ನಾವಿಬ್ಬರೂ ಕೂಡಿ ಕೂತ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಇಪ್ಪತ್ತೈದಕ್ಕಾದರೂ ಸ್ಟುಡಿಯೋಕ್ಕೆ ಹೋಗಿ ಒಂದು ಒಳ್ಳೆಯ ಫೋಟೋ ತೆಗೆಸಬೇಕು, ದೊಡ್ಡದು ಮಾಡಿಸಿ ಹಾಕಬೇಕು ಎಂಬುದು ನನ್ನ ಆಸೆ. ಮಹಾದೇವಿಗೂ ಆಸೆ ಎಂದೇ ತಿಳಿದಿದ್ದೆ. ಅಂದು ಮನೆಗೆ ಹೋಗಿ ಕ್ಯಾಮೆರಾದ ಕಥೆ ಹೇಳಿ, "ಪೂರ್ತಿ ಹೋಗೂದರಾಗ ಫೋಟೋ ತೆಗಿಸಿಬಿಡೂಣು. ಬರೋ ರವಿವಾರ ಹೋಗೂಣೇನ?" ಎಂದೆ. ಅವಳು ನನ್ನ ತಲೆಯನ್ನು ಬಗ್ಗಿಸಿ ನೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಈಗ ಬ್ಯಾಡ್ರಿ" ಎಂದಳು. "ನಿಮ್ಮ ಕೂದ್ಲಾ ಒಂದೀಟು ಬರ್ಲಿ. ಆಮ್ಯಾಲ ತೆಗಿಸೂಣು."

ನನಗೆ ಕೆಟ್ಟೆನಿಸಿತು. ಇಪ್ಪತ್ತೈದು ವರ್ಷ ನನ್ನ ಜೊತೆ ಬಾಳಿದವಳು ನನ್ನ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳಲು ನಾಚುತ್ತಿದ್ದಾಳೆ ಎಂದು ಖಾತ್ರಿಯಾಯಿತು. ಊಟಕ್ಕೆ ಕೂತಾಗ ರೊಟ್ಟಿ ಎರಡೇ ಸಾಕು ಎಂದೆ. ಅದು ಅವಳ ಲಕ್ಷ್ಯಕ್ಕೆ ಬರಲಿಲ್ಲ, ಅವಳು ಆಗಲೇ ಫೋನಿನಲ್ಲಿ ಕೂದಲ ಎಣ್ಣೆ ಕಾಸುವ ವಿಡಿಯೊ ನೋಡುತ್ತಿದ್ದಳು.

ಮೂರನೇ ದಿನಕ್ಕೆ ಬಾದಾಮಿ ಬಸ್ಸಿನಲ್ಲಿ ತವರುಮನೆಯಿಂದ ಒಂದು ಚೀಲ ಗರಗದ ಸೊಪ್ಪು ಬಂದಿಳಿಯಿತು. ಅದನ್ನು ಅರೆದು, ಕರಿಬೇವು, ದಾಸಾಳ ಹೂವು ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಕಾಸಿದಳು. ಮನೆಯೆಲ್ಲ ಹೊಗೆ. ಕಪ್ಪು ಹಸಿರು ಬಣ್ಣದ ಆ ಎಣ್ಣೆಯನ್ನು ಒಂದು ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ತಂದು, ನನ್ನನ್ನು ಅಂಗಳದಲ್ಲಿ ಕೂರಿಸಿ ನೆತ್ತಿಗೆ ತಿಕ್ಕಿದಳು. ಎಣ್ಣೆ ಹಣೆಯ ಮೇಲೆ ಇಳಿದು ಹುಬ್ಬಿನಲ್ಲಿ ನಿಂತಿತು. ದಿಂಬು ಹಸಿರಾಯಿತು, ಅಂಗಿಯ ಕಾಲರು ಹಸಿರಾಯಿತು. ಮೂರು ವಾರ ಹೀಗೆ ನಡೆಯಿತು. ಪ್ರತಿ ರವಿವಾರ ಬಿಸಿಲಿನಲ್ಲಿ ನಿಲ್ಲಿಸಿ, ನನ್ನದೇ ಕನ್ನಡಕ ಹಾಕಿಕೊಂಡು, ಅಕ್ಕಿಯಲ್ಲಿ ಹರಳು ಹುಡುಕುವಂತೆ ತಲೆಯನ್ನು ಸರಿಸಿ ಸರಿಸಿ ನೋಡುತ್ತಿದ್ದಳು. "ಉರಿತೈತೇನ್ರಿ? ಕಡಿತೈತೇನ? ಉದುರೂದು ಕಡಿಮಿ ಆಗೇತೋ ಇಲ್ಲೋ, ಖರೆ ಹೇಳ್ರಿ" ಎಂದು ಸೊಲ್ಲು ಸೊಲ್ಲಿಗೂ ಪ್ರಶ್ನೆ. ನನಗೆ ಜ್ವರ ಬಂದಾಗಲೂ ಇಷ್ಟು ವಿಚಾರಿಸಿದವಳಲ್ಲ. ಇಷ್ಟೊಂದು ಕಾಳಜಿ ಎಲ್ಲಿಂದ ಬಂತು ಎಂದು ನನಗೆ ಮೊದಲ ಸಂಶಯ ಹುಟ್ಟಿದ್ದು ಆಗ.

ಗರಗ ಕೈಕೊಟ್ಟ ಮೇಲೆ ಊರಿನವರ ಸರದಿ. ನಿಮಗೊಂದು ಮಾತು ಹೇಳುತ್ತೇನೆ, ತಲೆ ಬೋಳಾಗುತ್ತಿದೆ ಎಂದು ಒಬ್ಬರ ಮುಂದೆ ಹೇಳಿದರೆ ಸಾಕು, ಜಗತ್ತಿನಲ್ಲಿ ವೈದ್ಯರಲ್ಲದವರೇ ಇಲ್ಲ ಎಂದು ಗೊತ್ತಾಗುತ್ತದೆ. ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗೃಹಸ್ಥ ಹುನಗುಂದ ಬರುವಷ್ಟರಲ್ಲಿ ಏಳು ಔಷಧ ಹೇಳಿದ. ಇಳಿಯುವಾಗ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಒಳಗೆ ನನ್ನದಕ್ಕಿಂತ ಸ್ವಚ್ಛವಾಗಿತ್ತು. ಅಂದಿನಿಂದ ಯಾರೇ ಸಲಹೆ ಕೊಡಲಿ, ಮೊದಲು ಅವರ ತಲೆ ನೋಡುತ್ತೇನೆ. ಆ ಲೆಕ್ಕದಲ್ಲಿ ಮೌಲಾಸಾಬನ ಸಲಹೆ ಒಂದೇ ತೂಕದ್ದು. ಅರವತ್ತರ ಹತ್ತಿರ ಬಂದರೂ ಅವನ ತಲೆಯಲ್ಲಿ ಹಣಿಗೆ ಸಿಕ್ಕಿಬೀಳುವಷ್ಟು ಕೂದಲಿದೆ.

"ಸಾವ್ಕಾರ್ರ, ಉಳ್ಳಾಗಡ್ಡಿ ರಸಾ ಹಚ್ರಿ" ಎಂದ ಅವನು. "ನಾ ಸಣ್ಣಾಂವಿದ್ದಾಗ ನಮ್ಮ ಅಮ್ಮಾ ನನಗ ಅದನ್ನ ಹಚ್ಚತಿದ್ದಳು. ನೋಡ್ರಿ ಹೆಂಗದಾವ."

ಹೇಗಿವೆ ಎಂದು ನೋಡಲೇಬೇಕಲ್ಲ. ಖರೇವೋ ಖೊಟ್ಟಿಯೋ ಎಂದು ತಿಳಿಯದೆ ಉಳ್ಳಾಗಡ್ಡಿ ಹಚ್ಚಿಕೊಳ್ಳುವವನು ನಾನಲ್ಲ. "ಮೌಲಾಸಾಬ, ತಲ್ಯಾಗ ದಾರಾ ಸಿಕ್ಕೇತಿ ನೋಡು" ಎಂದು ಹತ್ತಿರ ಹೋಗಿ, ನಮ್ಮವ್ವ ಮಾಡಿದ ಹಾಗೆ ಒಂದು ಹಿಡಿ ಹಿಡಿದು ಜಗ್ಗಿದೆ. ಅವನ ಬಾಯಲ್ಲಿದ್ದ ಸೂಜಿ ಕೆಳಗೆ ಬಿತ್ತು. "ದಾರಾ ತಗಿಯಾಕತ್ತೀರೋ, ತಲೀನ ತಗಿಯಾಕತ್ತೀರೋ" ಎಂದ. ಖರೇವೇ ಇದ್ದವು. ಅಂದು ಸಂಜೆಯೇ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಅರೆಯಲಾಯಿತು.

ಉಳ್ಳಾಗಡ್ಡಿ ರಸದ ಗುಣ ಏನೆಂದರೆ, ಅದನ್ನು ತಲೆಗೆ ಹಚ್ಚಿದರೂ ಅದು ಕಣ್ಣಿಗೇ ಹೋಗುತ್ತದೆ. ಮುಂಜಾನೆ ಹಚ್ಚಿಕೊಂಡು ಅರ್ಧ ತಾಸು ಅಳುತ್ತ ಕೂತು, ಆಮೇಲೆ ಸೀಗೇಕಾಯಿಯಿಂದ ಜಳಕ ಮಾಡಿ ಅಂಗಡಿಗೆ ಹೋಗುತ್ತಿದ್ದೆ. ವಾಸನೆ ನನ್ನ ಜೊತೆಗೇ ಬರುತ್ತಿತ್ತು. ಬಿಸಿಲು ಏರಿದ ಹಾಗೆ ಅದೂ ಏರುತ್ತಿತ್ತು. ಒಬ್ಬ ಹೆಣ್ಣುಮಗಳು ಒಯ್ದ ಸೀರೆಯನ್ನು ಮರುದಿನ ತಿರುಗಿ ತಂದು, "ಸೀರಿ ಭಾಳ ಛೊಲೊ ಐತ್ರಿ, ಬಣ್ಣಾನೂ ಛೊಲೊ ಐತಿ, ಆದರ ಉಟ್ಕೊಂಡ್ರ ಅಡಗಿಮನ್ಯಾಗ ನಿಂತಂಗ ಆಗತೈತ್ರಿ" ಎಂದಳು. ನಾನು ಎಳೆ ಸುಟ್ಟು ಮೂಸಿ ನೋಡಿದೆ. ರೇಷ್ಮೆಯಲ್ಲೂ ಒಗ್ಗರಣೆಯ ವಾಸನೆ. ಅದಾದ ಮೇಲೆ ಮೆಂತ್ಯ ಮತ್ತು ಮೊಸರು ಬಂತು. ಅದು ಒಣಗಿದ ಮೇಲೆ ಎಷ್ಟು ಬಿಗಿಯುತ್ತದೆಂದರೆ ಹುಬ್ಬು ಎತ್ತಲೂ ಆಗುವುದಿಲ್ಲ, ನಗಲೂ ಆಗುವುದಿಲ್ಲ. ಅದಾದ ಮೇಲೆ ಔಡಲ ಎಣ್ಣೆ. ನನ್ನ ನೆತ್ತಿ ಇದ್ದಲ್ಲೇ ಇತ್ತು, ಕೂದಲು ಮಾತ್ರ ಇರಲಿಲ್ಲ. "ಫೋಟೋ?" ಎಂದು ಕೇಳಿದಾಗಲೆಲ್ಲ ಮಹಾದೇವಿಯದು ಒಂದೇ ಉತ್ತರ: "ಮೊದಲ ನಿಮ್ಮ ಕೂದ್ಲಾ ಬರ್ಲಿ."

ಈ ಔಷಧಗಳ ನಡುವೆ ನನ್ನ ಕಣ್ಣಿಗೆ ಬಿದ್ದದ್ದು ಬಟ್ಟಲು. ಗರಗದ ಎಣ್ಣೆ ಬಂದ ಬಟ್ಟಲು ಬೇರೆ, ಉಳ್ಳಾಗಡ್ಡಿ ರಸದ ಬಟ್ಟಲು ಬೇರೆ, ಮೆಂತ್ಯದ ಬಟ್ಟಲು ಬೇರೆ. ಎಲ್ಲವೂ ಹೊಸವು, ಲಕಲಕ ಹೊಳೆಯುವಂಥವು. ಹೊಸ ಬಟ್ಟಲು ಬಂದರೆ ಏನಾಯಿತು ಎನ್ನಬೇಡಿ. ನಮ್ಮ ಕಡೆ ಮನೆಗೆ ಬಾಂಡೆ ಬಂದರೆ ಅದರ ಮೇಲೆ ಹೆಸರು ಹಾಕಿಸಿಯೇ ಒಳಗೆ ಇಡುತ್ತಾರೆ. ನಮ್ಮ ಮನೆಯ ಚರಿಗೆಯ ಮೇಲೆ ಅವ್ವನ ಹೆಸರಿದೆ, ತಾಟುಗಳ ಮೇಲೆ ಮಾವನ ಹೆಸರಿದೆ, ಉಪ್ಪಿನಕಾಯಿ ತೆಗೆಯುವ ಸೌಟಿನ ಮೇಲೆ ಮದುವೆಗೆ ಅದನ್ನು ಕಾಣಿಕೆ ಕೊಟ್ಟವರ ಹೆಸರಿದೆ. ಈ ಬಟ್ಟಲುಗಳನ್ನು ತಿರುವಿ ಹಿಂಬದಿ ನೋಡಿದೆ. ಯಾರ ಹೆಸರೂ ಇರಲಿಲ್ಲ.

"ಈ ಬಟ್ಟಲಾ ಎಲ್ಲಿವು?" ಎಂದೆ.

"ಬಂದಾವ. ಯಾಕ, ಬಟ್ಟಲಾ ನೋಡಿದ್ರ ಕೂದ್ಲಾ ಬರ್ತಾವೇನ? ಅತ್ತಾಗ ತಿರುಗ್ರಿ" ಎಂದು ನನ್ನ ತಲೆಯನ್ನೇ ತಿರುಗಿಸಿದಳು.

ಬಂದಾವ ಎಂದರೆ ಹೇಗೆ ಬಂದವು? ನಡೆದು ಬಂದವೇ? ನನಗೆ ಆಗ ಒಂದು ಯೋಚನೆ ಹೊಳೆಯಿತು. ಮನೆಯಲ್ಲೇ ಮಾಡಿದ್ದು, ತವರಿನ ಸೊಪ್ಪಿನದು ಎಂದು ಅವಳು ಹೇಳುವ ಈ ಎಣ್ಣೆ ಮನೆಯದೇ ಅಲ್ಲ. ಪೇಟೆಯಲ್ಲಿ ಯಾವುದೋ ಎಣ್ಣೆಗೆ ಬಟ್ಟಲು ಪುಕ್ಕಟೆ ಕೊಡುತ್ತಿದ್ದಾರೆ, ಅದನ್ನು ತಂದು ಸೊಪ್ಪಿನಲ್ಲಿ ಕಲಸಿ ನನ್ನ ತಲೆಗೆ ತಿಕ್ಕುತ್ತಿದ್ದಾಳೆ. ಹಾಗಿದ್ದರೆ ಬಾಟಲಿ ಎಲ್ಲೋ ಇರಲೇಬೇಕು. ಒಂದು ಮಧ್ಯಾಹ್ನ ಅವಳು ಓಣಿಯ ಹೆಂಗಸರ ಅಕ್ಕನ ಬಳಗದ ವಚನ ಪಾರಾಯಣಕ್ಕೆ ಹೋದಾಗ ನಾನು ಊಟಕ್ಕೆ ಬಂದವನು ಊಟ ಬಿಟ್ಟು ಮನೆ ಶೋಧಿಸಿದೆ. ಕಸದ ಬುಟ್ಟಿ ನೋಡಿದೆ, ಜೋಳದ ಡಬ್ಬಿಯ ಹಿಂದೆ ನೋಡಿದೆ. ಕೊನೆಗೆ ಬಚ್ಚಲಮನೆಯ ಕಿಟಕಿಯ ಮೇಲೆ, ಕಣ್ಣಿಗೆ ಬೀಳದ ಸಂದಿಯಲ್ಲಿ, ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಬಿಚ್ಚಿದೆ. ಒಳಗೆ ಬಾಟಲಿ ಇರಲಿಲ್ಲ. ಕೂದಲಿನ ಒಂದು ಉಂಡೆ ಇತ್ತು, ದೊಡ್ಡ ಬದನೆಕಾಯಿಯಷ್ಟು. ಉದ್ದುದ್ದ ಕೂದಲು, ಅವುಗಳ ನಡುವೆ ಗಿಡ್ಡ ಕೂದಲೂ ಇದ್ದವು. ಗಿಡ್ಡವು ನನ್ನವೇ. ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ, ಒಂದೊಂದಕ್ಕೂ ಗರಗದ ಹಸಿರು ಹತ್ತಿತ್ತು.

ಗಂಡ ಹೆಂಡಿರ ಕೂದಲನ್ನು ಕೂಡಿಸಿ ಸುತ್ತಿ, ಮನೆಯಲ್ಲಿ ಕಾಣದ ಜಾಗದಲ್ಲಿ ಇಟ್ಟಿದ್ದಾರೆ ಎಂದರೆ ಅದು ಮಾಟವಲ್ಲದೆ ಇನ್ನೇನು? ನಾನು ಇಂಥದ್ದನ್ನು ನಂಬುವವನಲ್ಲ, ಬಸವಣ್ಣನ ಮಾತು ಕೇಳಿ ಬೆಳೆದ ಮನೆ ನಮ್ಮದು. ಆದರೆ ನಂಬದಿರುವುದು ಬೇರೆ, ಖಾಲಿ ಮನೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನಿಲ್ಲುವುದು ಬೇರೆ. ಇದ್ದಲ್ಲೇ ಇಟ್ಟು, ಕೈ ಮೂರು ಸಲ ತೊಳೆದು ಅಂಗಡಿಗೆ ಓಡಿದೆ. ಮೌಲಾಸಾಬನ ಮುಂದೆ ಹೇಳಿದರೆ ಅವನು ಮಷೀನು ತುಳಿಯುವುದನ್ನು ನಿಲ್ಲಿಸಿ, "ನಿಮ್ಮ ಮ್ಯಾಲ ಮಾಟಾ ಮಾಡಿ ಯಾರಿಗೆ ಏನ್ ಸಿಗಬೇಕ್ರಿ ಸಾವ್ಕಾರ್ರ? ಮನ್ಯಾಗ ಕೇಳ್ರಿ ಮೊದಲ" ಎಂದ. ಕೇಳುವುದು ಹೇಗೆ? ಇಟ್ಟವರು ಯಾರೆಂದು ತಿಳಿಯದೆ ಹೇಳಿದರೆ ಮಹಾದೇವಿ ಗಾಬರಿಯಾದಾಳು. ಕಾವಲು ಕಾದು ಹಿಡಿಯಬೇಕು ಎಂದು ನಿಶ್ಚಯ ಮಾಡಿದೆ.

ಮುಂದಿನ ವಾರ ಇಳಕಲ್ಲಿಗೆ ಹೋಗುತ್ತೇನೆ, ಸಂಜೆಗೇ ಬರುವುದು ಎಂದು ಮನೆಯಲ್ಲಿ ಹೇಳಿ ಹೊರಟೆ. ಬಸ್ ನಿಲ್ದಾಣದಲ್ಲಿ ಎರಡು ತಾಸು ಕೂತು, ಮೂರು ಚಹಾ ಕುಡಿದು, ಹನ್ನೊಂದಕ್ಕೆ ತಿರುಗಿ ಬಂದೆ. ನಮ್ಮ ಓಣಿಯ ತಿರುವಿನಲ್ಲೇ ಒಂದು ಕೂಗು ಕೇಳಿಸಿತು. "ತಲಿಕೂದ್ಲಾ... ಕೂದ್ಲಕ್ಕ ಬಾಂಡೇ..." ಸಣ್ಣವನಿದ್ದಾಗ ಕೇಳಿದ್ದ ಕೂಗು; ಉದುರಿದ ಕೂದಲು ಕೊಟ್ಟರೆ ಪಿನ್ನು, ಟಿಕಳಿ, ಬಟ್ಟಲು ಕೊಡುವವರು ಆಗ ಓಣಿ ಓಣಿ ತಿರುಗುತ್ತಿದ್ದರು. ಅದೆಲ್ಲ ನಿಂತು ಹೋಗಿದೆ ಎಂದುಕೊಂಡಿದ್ದೆ. ನಮ್ಮ ಗೇಟಿನ ಮುಂದೆ ಬಾಂಡೆಯ ಬುಟ್ಟಿ ಇಳಿಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಮಹಾದೇವಿ ಅದೇ ಪ್ಲಾಸ್ಟಿಕ್ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಬೇವಿನ ಗಿಡದ ಮರೆಗೆ ನಿಂತೆ.

ಆ ಹೆಂಗಸು ಉಂಡೆಯನ್ನು ತೆಗೆದು ಒತ್ತಿ ನೋಡಿದಳು. ಒಂದು ಎಳೆ ಜಗ್ಗಿ ತೆಗೆದು, ಕಡ್ಡಿ ಗೀರಿ ಸುಟ್ಟು ಮೂಸಿದಳು. ನನಗೆ ಅವಳ ಮೇಲೆ ಒಮ್ಮೆಲೇ ಗೌರವ ಬಂತು.

"ಮಂದಿ ಒಳಗ ದಾರಾ ತುರುಕಿರ್ತಾರ್ರಿ ಅಕ್ಕಾರ, ಮಣ್ಣ ತುಂಬಿರ್ತಾರ. ಅದಕ್ಕ ನೋಡೂದು" ಎಂದಳು. "ಏನರ ಬೆರಕಿ ಮಾಡಿಲ್ಲ ಹೌದಲ್ಲೋ?"

"ಏನೂ ಇಲ್ಲವಾ. ಎಲ್ಲಾ ನನ್ನವ" ಎಂದಳು ಮಹಾದೇವಿ.

"ನಿಮ್ಮ ಕೂದ್ಲಾ ಭಾಳ ಛೊಲೊ ಅದಾವ್ರಿ, ಉದ್ದ. ಆದರ ಹ್ವಾದ ವರ್ಷ ಒಂದ ಬಟ್ಟಲದ್ದ ಆಗತಿತ್ತು. ಈ ವರ್ಷ ಇದ ಐದನೇದು. ತಲ್ಯಾಗ ಏನರ ಉಳದಾವೋ ಇಲ್ರಿ?" ಎಂದು ಕೇಳುತ್ತ ಅವಳು ತಕ್ಕಡಿ ಎತ್ತಿದಳು. ಅವಳ ದನಿಯಲ್ಲಿ ಕುಚೋದ್ಯ ಇರಲಿಲ್ಲ. ಮಹಾದೇವಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಬಟ್ಟಲು ಕೈಗೆ ಬಂದ ಮೇಲೆ ಮಾತ್ರ "ತೂಕ ಇನ್ನೂ ಮ್ಯಾಲ ಐತಿ, ಒಂದು ಚಮಚಾ ಹಾಕು" ಎಂದು ಜಗಳ ಮಾಡಿ ಒಂದು ಚಮಚ ಇಸಿದುಕೊಂಡಳು. ತಿರುಗಿದರೆ ಎದುರಿಗೆ ನಾನು.

ಆಗಲೂ ನನ್ನ ಬಾಯಿಂದ ಬಂದದ್ದು ಸಂಶಯದ ಪ್ರಶ್ನೆಯೇ. "ಅಷ್ಟೂ ನಿನ್ನವ?" ಎಂದೆ. ಅವಳು ಒಳಗೆ ಹೋಗಿ ಪಡಸಾಲೆಯಲ್ಲಿ ಕೂತಳು. ನಾನೂ ಹೋಗಿ ಎದುರಿಗೆ ಕೂತೆ. ಅವಳು ತಲೆಯ ಮೇಲಿನ ಸೆರಗನ್ನು ತಾನೇ ಹಿಂದೆ ಸರಿಸಿದಳು. ನಮ್ಮ ಮನೆತನದಲ್ಲಿ ಹೆಂಗಸರು ಎಚ್ಚರಿದ್ದಷ್ಟು ಹೊತ್ತು ತಲೆಯ ಮೇಲಿನ ಸೆರಗು ಇಳಿಸುವುದಿಲ್ಲ. ಅವ್ವ ಹಾಕಿದ ರೂಢಿ, ಅವ್ವ ಹೋದ ಮೇಲೂ ಮಹಾದೇವಿ ಬಿಟ್ಟಿಲ್ಲ. ಆ ಸೆರಗನ್ನು ನಾನು ದಿನಾ ನೋಡುತ್ತಿದ್ದೆ. ಅದರ ಕೊಂಡಿ ನೋಡುತ್ತಿದ್ದೆ, ಬಣ್ಣ ಬಿಟ್ಟಿದೆಯೋ ಎಂದು ನೋಡುತ್ತಿದ್ದೆ. ಅದರ ಕೆಳಗೆ ಬೈತಲೆ ಇಷ್ಟು ಅಗಲವಾಗಿದ್ದನ್ನು, ಎರಡು ಕೈ ಸಾಲದಿದ್ದ ತುರುಬು ನಿಂಬೆಹಣ್ಣಿನಷ್ಟಾದದ್ದನ್ನು ನೋಡಿರಲಿಲ್ಲ.

"ಎರಡ ವರ್ಷ ಆತು" ಎಂದಳು. "ಹಣಿಗಿ ಹಾಕಿದ್ರ ಹಿಡಿ ಹಿಡಿ ಬರ್ತಿದ್ವು. ಏನರ ಹಚ್ಚಬೇಕಂದ್ರ ಅಂಜಿಕಿ. ಇದ್ದವೂ ಹ್ವಾದ್ರ? ಅಷ್ಟರಾಗ ನಿಮ್ಮದು ಸುರು ಆತು. ಮೊದಲ ನಿಮ್ಮ ತಲಿಗಿ ಹಚ್ಚಿ ನೋಡೂಣು, ಛೊಲೊ ಆದ್ರ ನಾನೂ ಹಚ್ಕೊಂಡ್ರಾತು ಅಂದೆ."

"ಅಂದ್ರ ನನ್ನ ತಲಿ ಮ್ಯಾಲ ಪರೀಕ್ಷಾ ಮಾಡಿದಿ."

"ನಿಮ್ಮ ತಲಿ ನೋಡೇ ನನ್ನ ಧೈರ್ಯ ಹೋತು ನೋಡ್ರಿ. ಉಳ್ಳಾಗಡ್ಡಿಲಿಂದ ಆಗಲಿಲ್ಲ, ಮೆಂತೇಲಿಂದ ಆಗಲಿಲ್ಲ."

"ನನಗ ಯಾಕ ಹೇಳಲಿಲ್ಲ?" ಎಂದೆ.

ಅವಳು ಆ ನಿಂಬೆಹಣ್ಣನ್ನು ಮುಟ್ಟಿ ನೋಡಿಕೊಂಡಳು. "ನಿಮ್ಮವ್ವ ಜಗ್ಗಿ ನೋಡಿ ಖರೇವ ಅಂದ ಜಡಿ ಇದು. ಅದನ್ನ ನೋಡೇ ನನ್ನ ಮನಿ ತುಂಬಿಸಿಕೊಂಡ್ರಿ. ಈಗ ಹೆಂಗ ತೋರಸ್ಲಿ? ನೀವು ಬ್ಯಾರೆ ಎಲ್ಲಾದರ ಮ್ಯಾಲೂ ಸಂಶಯಾ ಪಡಾಂವ್ರು. ಫೋಟೋಕ್ಕ ಕುಂತಾಗ ಫೋಟೋದಾಂವ ಸೆರಗು ಸರಸ್ರಿ ಅಂದ್ರ ಏನ್ ಮಾಡ್ಲಿ?"

ನನಗೆ ಅಳು ಬಂತು. ಉಳ್ಳಾಗಡ್ಡಿ ಇರಲಿಲ್ಲ ಆಗ. ವರ್ಷವಿಡೀ ನನ್ನ ಬೋಳು ತಲೆಗೆ ನಾಚುತ್ತಿದ್ದಾಳೆ ಎಂದು ಸಿಟ್ಟು ಮಾಡಿಕೊಂಡು, ಇದ್ದಬದ್ದ ಜಾಗವೆಲ್ಲ ಹುಡುಕಿ, ಬೇವಿನ ಗಿಡದ ಮರೆಗೆ ನಿಂತು, ಎದುರಿಗೆ ಕೂತು ರೊಟ್ಟಿ ಬಡಿಸುವವಳ ತಲೆ ಮಾತ್ರ ನೋಡಿರಲಿಲ್ಲ. ನನ್ನ ನೆತ್ತಿಗೆ ತಿಕ್ಕಿದ ಎಣ್ಣೆಯೆಲ್ಲ ಅವಳ ಕೂದಲು ಕೊಟ್ಟು ತಂದ ಬಟ್ಟಲಿನಲ್ಲೇ ಬಂದಿತ್ತು. "ನಾಳೆ ದವಾಖಾನಿಗೆ ಹೋಗೂಣು, ನಡಿ" ಎಂದೆ ಅಷ್ಟೇ. ಡಾಕ್ಟರು ರಕ್ತ ಕಡಿಮೆ ಇದೆ ಎಂದು ಗುಳಿಗೆ ಕೊಟ್ಟರು. ಗುಳಿಗೆಯ ಚೀಟಿಯ ಹಿಂಬದಿಯನ್ನೂ ನಾನು ಓದಿದೆ, ಅದು ಬೇರೆ ಮಾತು.

ಮುಂದಿನ ರವಿವಾರ ಸ್ಟುಡಿಯೋಕ್ಕೆ ಹೋದೆವು. ನಾನೇ ಆರಿಸಿ ತಂದ ಸೀರೆ ಉಟ್ಟಿದ್ದಳು. ನನ್ನ ತಲೆಗೆ ನಮ್ಮಪ್ಪನ ರುಮಾಲು ಸುತ್ತಿಕೊಂಡಿದ್ದೆ. ಫೋಟೋದವನು ಎರಡು ಸಲ ದೀಪ ಸರಿಸಿ, ಅವಳು ಅಂಜಿದ್ದನ್ನೇ ಹೇಳಿದ: "ಅಮ್ಮಾರ, ಸೆರಗು ಒಂದೀಟು ಹಿಂದ ತಗೊಳ್ರಿ, ಮಾರಿ ಮ್ಯಾಲ ನೆರಳ ಬೀಳಾಕತ್ತೇತಿ." ಮಹಾದೇವಿ ನನ್ನ ಕಡೆ ನೋಡಿದಳು. ನಾನು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಸೆರಗು ಹಿಂದೆ ಸರಿಸಿದಳು. ಆ ಫೋಟೋ ಈಗ ಅಂಗಡಿಯಲ್ಲಿ, ಗಲ್ಲೆಯ ಮೇಲಿನ ಗೋಡೆಯಲ್ಲಿದೆ. ಬಂದ ಗಿರಾಕಿಗಳೆಲ್ಲ ಅದನ್ನು ನೋಡುತ್ತಾರೆ. ನೋಡಿ, "ಇಂಥಾದ್ದ ಸೀರಿ ಐತೇನ್ರಿ?" ಎಂದು ಕೇಳುತ್ತಾರೆ. ನಮ್ಮಿಬ್ಬರ ತಲೆಯ ಬಗ್ಗೆ ಇಂದಿಗೂ ಯಾರೂ ಮಾತೆತ್ತಿಲ್ಲ.

ಗುಳಿಗೆ ನುಂಗಲು ಶುರು ಮಾಡಿ ನಾಲ್ಕು ತಿಂಗಳಾಯಿತು, ಅವಳ ಹಣಿಗೆಯಲ್ಲಿ ಈಗ ಕೂದಲು ಕಡಿಮೆ. ದಿನಾ ಮುಂಜಾನೆ ಅವಳಿಗೆ ಕಾಣದ ಹಾಗೆ ನಾನೇ ಹಣಿಗೆ ಪರೀಕ್ಷೆ ಮಾಡುತ್ತೇನೆ. ಮೊನ್ನೆ ಚಹಾದ ಬಟ್ಟಲಲ್ಲಿ ಒಂದು ಸಣ್ಣ ಚಮಚ ಕಂಡಿತು. ತಿರುವಿ ನೋಡಿದೆ, ಹೆಸರಿಲ್ಲ. "ಇದು ಎಲ್ಲಿಂದ ಬಂತು? ಮತ್ತ ಉದುರಾಕತ್ತಾವೇನ?" ಎಂದೆ.

"ಅವತ್ತ ಜಗಳಾಡಿ ಇಸಗೊಂಡೆನಲ್ಲ, ಅದ ಚಮಚಾ. ಅದು ನನ್ನದಲ್ಲ, ನಿಮ್ಮದು" ಎಂದಳು. "ನಿಮ್ಮ ಕೂದ್ಲಾ ಗಿಡ್ಡ, ಬಾಂಡೇದಾಕಿ ತಗೊಳ್ಳೂದಿಲ್ಲ. ವರ್ಷತನಕಾ ದಿಂಬಿನ ಮ್ಯಾಗಿನವು, ಬಚ್ಚಲದಾಗಿನವು ಆರಿಸಿ ಆರಿಸಿ ಇಟ್ಟಿದ್ದೆ. ಚೆಲ್ಲಾಕ ಮನಸ ಬರಲಿಲ್ಲ. ನನ್ನ ಕೂದಲೊಳಗ ಸುತ್ತಿ ಕೊಟ್ಟುಬಿಟ್ಟೆ."

ನಾನು ಚಮಚವನ್ನು ಮತ್ತೊಮ್ಮೆ ತಿರುವಿ ನೋಡಿದೆ. ಕಡ್ಡಿ ಗೀರಿ ಸುಟ್ಟು ಮೂಸಿ ನೋಡಿದ ಆ ಜಾಣ ಹೆಂಗಸಿಗೂ ಗೊತ್ತಾಗದ ಹಾಗೆ ನಮ್ಮ ಮನೆಯಿಂದ ಕಲಬೆರಕೆ ಮಾಲು ಹೊರಗೆ ಹೋಗಿತ್ತು, ಮತ್ತು ಆ ಕಲಬೆರಕೆ ನಾನೇ ಆಗಿದ್ದೆ. ಮರುದಿನ ಬಾಂಡೆಗೆ ಹೆಸರು ಹಾಕುವವನ ಹತ್ತಿರ ಹೋದೆ. ಐದೂ ಬಟ್ಟಲುಗಳ ಮೇಲೆ ಮಹಾದೇವಿಯ ಹೆಸರು ಹಾಕಿಸಿದೆ. ಚಮಚದ ಹಿಂಬದಿಯಲ್ಲಿ, ಜಾಗ ಸಾಲದ್ದರಿಂದ ಸಣ್ಣ ಅಕ್ಷರದಲ್ಲಿ, ನನ್ನ ಹೆಸರು ಹಾಕಿಸಿದೆ. ನನ್ನ ತಲೆಯಿಂದ ಈ ಮನೆಗೆ ಬಂದ ಆಸ್ತಿ ಅದೊಂದೇ.